ಕೊಡದ ಕೆಳಗಿನ ಕುಣಿತ: ಬ್ಯಾಲೆ, ಗೆರೆ ಮತ್ತು ನಮ್ಮ ವಿನ್ಯಾಸ

ಡಾನ್ಸ್ ಕ್ಲಾಸಿನ ಜಾಹೀರಾತಿಗೆ ನಮ್ಮ ಕಡೆಯ ತಾಲೂಕು ಊರುಗಳಲ್ಲಿ ಒಂದು ಸಿದ್ಧ ಚಿತ್ರವಿದೆ. ಒಂದು ಕಾಲಿನ ತುದಿಬೆರಳ ಮೇಲೆ ನಿಂತು, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿ, ಕೈಗಳನ್ನು ಮೇಲೆತ್ತಿದ ಹೆಣ್ಣಿನ ಕಪ್ಪು ನೆರಳು. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು, ಯಾವ ಊರಿನ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲೂ ಅದು ಸಿಕ್ಕೀತು. ಆ ಕ್ಲಾಸಿನಲ್ಲಿ ಕಲಿಸುವುದು ಸಿನಿಮಾ ಹಾಡಿನ ಕುಣಿತವಿರಬಹುದು, ಭರತನಾಟ್ಯವಿರಬಹುದು, ಶಾಲೆಯ ಗ್ಯಾದರಿಂಗಿಗೆ ಬೇಕಾದ ಜಾನಪದ ನೃತ್ಯವಿರಬಹುದು. ಬ್ಯಾಲೆಯಂತೂ ಅಲ್ಲ. ಆದರೂ ಕುಣಿತ ಎಂಬ ಅರ್ಥಕ್ಕೆ ಒಂದು ಗುರುತು ಬೇಕಾದಾಗ ಕೈ ಹೋಗುವುದು ಆ ನೆರಳಿನ ಕಡೆಗೇ.

ಇದನ್ನು ಕಂಡು ನಕ್ಕು ಸುಮ್ಮನಾಗುವುದು ಸುಲಭ. ಆದರೆ ಅದರ ಹಿಂದೆ ಒಂದು ನಿಜವಾದ ಪ್ರಶ್ನೆ ಇದೆ. ಚಲನೆಯೇ ಜೀವವಾಗಿರುವ ಕಲೆಯೊಂದನ್ನು ಅಲುಗದ ಚಿತ್ರದಲ್ಲಿ, ಅಕ್ಷರದಲ್ಲಿ, ಬಣ್ಣದಲ್ಲಿ, ಬಟ್ಟೆಯಲ್ಲಿ ಹಿಡಿಯಲು ಹೊರಟವರು ಯಾವ ದಾರಿ ತುಳಿದರು? ಬ್ಯಾಲೆಯಿಂದ ಪ್ರೇರಣೆ ಪಡೆದ ದೃಶ್ಯವಿನ್ಯಾಸದ ದೊಡ್ಡ ಪರಂಪರೆ ಯುರೋಪಿನಲ್ಲಿದೆ. ಅದರ ಜೊತೆ ಕೂತು ಮಾತಾಡಬಲ್ಲ ಎರಡು ಪ್ರಯತ್ನಗಳು ಕನ್ನಡಿಗರಿಂದಲೂ ನಡೆದಿವೆ. ಒಂದು ಕೆ. ಕೆ. ಹೆಬ್ಬಾರರ ಗೆರೆ, ಇನ್ನೊಂದು ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆ. ಇವೆಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮಲಪ್ರಭೆಯ ದಂಡೆಯ ನಮ್ಮ ಊರುಗಳ ಕುಣಿತವನ್ನು ಚಿತ್ರಿಸುವವರಿಗೆ ಅವುಗಳಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಕೇಳುವುದು ಈ ಬರಹದ ಉದ್ದೇಶ.

ನೆರಳು ಬಿಟ್ಟುಬಿಟ್ಟದ್ದು

ಬ್ಯಾಲೆ ಹುಟ್ಟಿದ್ದು ಇಟಲಿಯ ಅರಮನೆಗಳಲ್ಲಿ, ಬೆಳೆದದ್ದು ಫ್ರಾನ್ಸಿನ ಆಸ್ಥಾನದಲ್ಲಿ. 1661ರಲ್ಲಿ ಹದಿನಾಲ್ಕನೇ ಲೂಯಿ ನೃತ್ಯಕ್ಕೆಂದೇ ಒಂದು ಅಕಾಡೆಮಿ ಸ್ಥಾಪಿಸಿದ. ಆದರೆ ಇವತ್ತು ಬ್ಯಾಲೆ ಅಂದಕೂಡಲೇ ಕಣ್ಣಿಗೆ ಬರುವ ಚಿತ್ರ ದೊರೆಯ ಆಸ್ಥಾನದ್ದಲ್ಲ. ಅದು 1832ರಲ್ಲಿ ಪ್ಯಾರಿಸ್ಸಿನಲ್ಲಿ ಮಾರಿ ಟ್ಯಾಗ್ಲಿಯೋನಿ ಕುಣಿದ 'ಲಾ ಸಿಲ್ಫೀಡ್' ಕೊಟ್ಟ ಚಿತ್ರ. ಆ ಕಥೆಯ ನಾಯಕಿ ಗಾಳಿಯ ಜೀವಿ, ಮನುಷ್ಯಳಲ್ಲ. ಅವಳು ತುದಿಬೆರಳ ಮೇಲೆ ನಿಲ್ಲುವುದಕ್ಕೆ ಅದೇ ಕಾರಣ: ಈ ಹೆಣ್ಣು ನೆಲಕ್ಕೆ ಸೇರಿದವಳಲ್ಲ ಎಂದು ನಮಗೆ ಕಾಣಬೇಕು. ಬಿಗಿಯಾದ ಕುಪ್ಪಸ, ಅದರ ಕೆಳಗೆ ಹೊಗೆಯಂತೆ ಹರಡಿದ ತೆಳುವಾದ ಬಿಳಿ ಲಂಗ, ಮೇಲೆ ಹೋಗಲು ಹವಣಿಸುವ ಪಾದ, ಈ ಮೂರೂ ಹೇಳುವುದು ಒಂದೇ ಮಾತು. ಕಥೆ, ತಂತ್ರ, ಉಡುಪು ಬೇರೆ ಬೇರೆಯಾಗಿ ಉಳಿಯದೆ ಒಂದೇ ಆಲೋಚನೆಯ ಮೂರು ಮುಖಗಳಾದವು. ವಿನ್ಯಾಸ ಎಂದರೆ ಇದು.

ಫ್ಲೆಕ್ಸಿನ ನೆರಳು ಈ ಮೂರರಿಂದ ಹೊರಗೆರೆಯನ್ನು ಮಾತ್ರ ಕತ್ತರಿಸಿ ತಂದಿತು. ಗಾಳಿಯ ಜೀವಿ ಹೋದಳು, ಕಥೆ ಹೋಯಿತು, ಪಾದದ ಕೆಳಗಿನ ನೆಲವೂ ಹೋಯಿತು. ನೆಲವಿಲ್ಲದಿದ್ದರೆ ನೆಲವನ್ನು ಬಿಟ್ಟು ಏಳುವ ಸಾಹಸಕ್ಕೆ ಅರ್ಥವೆಲ್ಲಿ? ಉಳಿದದ್ದು ಫಲಿತಾಂಶ, ಅದರ ಹಿಂದಿನ ದುಡಿಮೆ ಕಾಣೆಯಾಯಿತು.

ಆ ದುಡಿಮೆಯನ್ನೇ ಬರೆದವನು ಎಡ್ಗರ್ ದೆಗಾ. ಬ್ಯಾಲೆಯ ಚಿತ್ರಕಾರನೆಂದೇ ಹೆಸರಾದ ಅವನು ರಂಗದ ಮೇಲಿನ ಪೂರ್ಣ ಭಂಗಿಗಿಂತ ಹೆಚ್ಚಾಗಿ ನೋಡಿದ್ದು ತಾಲೀಮಿನ ಕೋಣೆಯನ್ನು, ರಂಗದ ಮಗ್ಗುಲನ್ನು. ಅವನ ಹುಡುಗಿಯರು ಪಾದರಕ್ಷೆಯ ಪಟ್ಟಿ ಕಟ್ಟಿಕೊಳ್ಳುತ್ತಾರೆ, ಬೆನ್ನು ಕೆರೆದುಕೊಳ್ಳುತ್ತಾರೆ, ದಣಿದು ಬೆಂಚಿನ ಮೇಲೆ ಕುಸಿಯುತ್ತಾರೆ. ಅವನ ಚಿತ್ರಗಳಲ್ಲಿ ಮೈಗಳು ಅಂಚಿನಲ್ಲಿ ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ನಡುವೆ ದೊಡ್ಡದಾಗಿ ಖಾಲಿ ನೆಲ ಬಿದ್ದಿರುತ್ತದೆ. ಆ ಖಾಲಿ ನೆಲವೇ ಅವನ ದೊಡ್ಡ ತಂತ್ರ. ಇಲ್ಲಿ ಈಗಷ್ಟೇ ಯಾರೋ ಕುಣಿದು ಹೋದರು, ಇನ್ನು ಯಾರೋ ಕುಣಿಯಲಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ಚಲನೆಯನ್ನು ತೋರಿಸಲು ಚಲಿಸುವ ಮೈಯೇ ಬೇಕೆಂದಿಲ್ಲ, ಚಲನೆಗಾಗಿ ಕಾದಿರುವ ಜಾಗ ತೋರಿಸಿದರೂ ಸಾಕು ಎಂಬುದು ದೆಗಾನಿಂದ ಕಲಿಯಬಹುದಾದ ಮೊದಲ ಪಾಠ.

ನೆಲದ ಗೆರೆ, ಮೈಯ ಗೆರೆ

ಎರಡನೆಯ ದಾರಿ ಇನ್ನೂ ಹಳೆಯದು. 1700ರಲ್ಲಿ ರವೂಲ್ ಓಜೆ ಫೋಯೆ ಎಂಬ ಫ್ರೆಂಚ್ ನೃತ್ಯಗುರು ಕುಣಿತವನ್ನು ಕಾಗದದ ಮೇಲೆ ಬರೆದಿಡುವ ಕ್ರಮವನ್ನು ಪುಸ್ತಕವಾಗಿ ಪ್ರಕಟಿಸಿದ. ಅವನ ಕ್ರಮದಲ್ಲಿ ಹಾಳೆಯೇ ಕೋಣೆಯ ನೆಲ. ಕುಣಿಯುವವರು ಸಾಗುವ ದಾರಿ ಅದರ ಮೇಲೊಂದು ಗೆರೆ. ಆ ಗೆರೆಗೆ ಅಂಟಿಕೊಂಡ ಸಣ್ಣ ಸಣ್ಣ ಗುರುತುಗಳು ಹೆಜ್ಜೆಗಳು. ಗೆರೆಯನ್ನು ಅಡ್ಡಲಾಗಿ ಕಡಿಯುವ ಚಿಕ್ಕ ಗೀಟುಗಳು ಸಂಗೀತದ ಅಳತೆ. ಇದರಲ್ಲಿ ಕುಣಿಯುವವರ ಮೈ ಎಲ್ಲೂ ಇಲ್ಲ, ಆದರೂ ಇಡೀ ಕುಣಿತವಿದೆ. ಓದಲು ಬಾರದವರಿಗೂ ಆ ಹಾಳೆಗಳು ಬಳ್ಳಿಯ ಹೆಣಿಗೆಯಂತೆ ಚೆಂದ ಕಾಣುತ್ತವೆ.

ನಮಗೆ ಈ ಬಗೆಯ ನೋಟ ಹೊಸದಲ್ಲ. ಚುಕ್ಕಿ ಇಟ್ಟು, ಆ ಚುಕ್ಕಿಗಳನ್ನು ಮುಟ್ಟದೆ ಸುತ್ತುವರಿದು ಹೋಗುವ ರಂಗೋಲಿಯ ಎಳೆಯನ್ನು ದಿನಾ ಬೆಳಿಗ್ಗೆ ಅಂಗಳದಲ್ಲಿ ನೋಡುತ್ತೇವೆ. ಬಗ್ಗಿ ನಿಂತು, ಹಿಂದೆ ಹಿಂದೆ ಸರಿಯುತ್ತ ಎಳೆ ಬಿಡುವ ಹೆಣ್ಣುಮಗಳ ಹೆಜ್ಜೆಯ ಲೆಕ್ಕವೂ ಆ ರಂಗೋಲಿಯಲ್ಲಿ ಸೇರಿರುತ್ತದೆ. ಫೋಯೆಯ ಗೆರೆ ಮುಂದೆ ಕುಣಿಯಲಿರುವವರಿಗೆ ಸೂಚನೆ. ರಂಗೋಲಿಯ ಗೆರೆ ಈಗಾಗಲೇ ನಡೆದುಹೋದ ಚಲನೆಯ ಗುರುತು. ಗೆರೆಯೊಂದು ಭವಿಷ್ಯಕ್ಕೆ ಸೇರಿದ್ದೋ ಭೂತಕಾಲಕ್ಕೆ ಸೇರಿದ್ದೋ ಎಂಬುದು ವಿನ್ಯಾಸಕಾರ ಮೊದಲೇ ತೀರ್ಮಾನಿಸಬೇಕಾದ ಸಂಗತಿ.

1926ರಲ್ಲಿ ವಾಸಿಲಿ ಕ್ಯಾಂಡಿನ್‌ಸ್ಕಿ ನೆಲವನ್ನು ಬಿಟ್ಟು ಮೈಯ ಕಡೆಗೆ ತಿರುಗಿದ. ಜರ್ಮನಿಯ ನರ್ತಕಿ ಗ್ರೆಟ್ ಪಲುಕಾಳ ನಾಲ್ಕು ಫೋಟೋಗಳನ್ನು ಮುಂದಿಟ್ಟುಕೊಂಡು, ಪ್ರತಿಯೊಂದನ್ನೂ ಕೆಲವೇ ಕಮಾನುಗಳಿಗೂ ನೇರಗೆರೆಗಳಿಗೂ ಇಳಿಸಿದ. ಆ ಗೆರೆಗಳಲ್ಲಿ ಪಲುಕಾಳ ಮುಖವಿಲ್ಲ, ಬಟ್ಟೆಯಿಲ್ಲ. ಬಲ ಯಾವ ಕಡೆಗೆ ಹರಿಯುತ್ತಿದೆ ಎಂಬುದಷ್ಟೇ ಇದೆ. ಫೋಟೋ ಒಂದು ಕ್ಷಣವನ್ನು ನಿಲ್ಲಿಸಿತ್ತು. ಗೆರೆ ಆ ಕ್ಷಣಕ್ಕೆ ಮೊದಲು ಏನಿತ್ತು, ಆಮೇಲೆ ಏನಾಗುತ್ತದೆ ಎಂಬುದರ ಸುಳಿವನ್ನು ಮತ್ತೆ ಸೇರಿಸಿತು. ಕಡಿಮೆ ಮಾಡುತ್ತ ಹೋದಂತೆ ಚಲನೆ ಹೆಚ್ಚಾಯಿತು.

ಹೆಬ್ಬಾರರು ಇದೇ ತೀರ್ಮಾನಕ್ಕೆ ಬೇರೆ ಹಾದಿಯಿಂದ ಬಂದರು. 1911ರಲ್ಲಿ ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆನಿಂತ ಅವರು ಕುಣಿತದ ಲಯವನ್ನು ಒಳಗಿನಿಂದ ತಿಳಿಯಬೇಕೆಂದು ಎರಡು ವರ್ಷ ಕಥಕ್ ಕಲಿತರು. ಅವರ ರೇಖಾಚಿತ್ರಗಳ ಸಂಗ್ರಹಕ್ಕೆ 'ದಿ ಸಿಂಗಿಂಗ್ ಲೈನ್' ಎಂದು ಹೆಸರು, ಹಾಡುವ ಗೆರೆ. ಕ್ಯಾಂಡಿನ್‌ಸ್ಕಿಯ ಗೆರೆ ಅಳೆದು ತೂಗಿ ಎಳೆದದ್ದು. ಹೆಬ್ಬಾರರ ಗೆರೆ ಒಂದೇ ಉಸಿರಿನಲ್ಲಿ ಹೊರಟಂತೆ ಕಾಣುತ್ತದೆ. ಭುಜದಿಂದ ಶುರುವಾಗಿ ಬೆನ್ನು ಇಳಿದು, ಲಂಗದ ಸುತ್ತಿನಲ್ಲಿ ತಿರುಗಿ, ಹಿಮ್ಮಡಿಯ ಹತ್ತಿರ ಥಟ್ಟನೆ ನಿಂತುಬಿಡುತ್ತದೆ. ಎಷ್ಟೋ ಚಿತ್ರಗಳಲ್ಲಿ ಕಣ್ಣು ಮೂಗು ಇರುವುದಿಲ್ಲ. ಗೆರೆ ಕೂಡಬೇಕಾದ ಕಡೆ ಬಾಯಿ ತೆರೆದುಕೊಂಡಿರುತ್ತದೆ, ಅದನ್ನು ನೋಡುವವನ ಕಣ್ಣು ಕೂಡಿಸಬೇಕು. ಕಥಕ್‌ನ ಚಕ್ಕರಿನಲ್ಲಿ ವೇಗವಾಗಿ ತಿರುಗುವ ಮೈ ಕಣ್ಣಿಗೆ ಪೂರ್ತಿ ಕಾಣುವುದಿಲ್ಲ, ಮುರಿದು ಮುರಿದು ಕಾಣುತ್ತದೆ. ಹೆಬ್ಬಾರರು ಆ ಮುರಿತವನ್ನೇ ಗೆರೆಯ ವ್ಯಾಕರಣ ಮಾಡಿಕೊಂಡರು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹೆಬ್ಬಾರರ ಗೆರೆಯ ಸರಳತೆಯನ್ನು ನಕಲು ಮಾಡಿದವರು ಬಹಳ. ಮದುವೆ ಕಾರ್ಡಿನ ಗಣಪತಿಯಿಂದ ಹಿಡಿದು ಸಭಾಭವನದ ಗೋಡೆಯವರೆಗೆ ನಾಲ್ಕು ಗೆರೆಯ ನರ್ತಕಿ ಎಲ್ಲೆಡೆ ಇದ್ದಾಳೆ. ಆದರೆ ಎರಡು ವರ್ಷ ಗೆಜ್ಜೆ ಕಟ್ಟಿದ ಕೈ ಬಿಟ್ಟ ಗೆರೆಗೂ ಆ ಗೆರೆಯನ್ನು ನೋಡಿ ಎಳೆದ ಗೆರೆಗೂ ವ್ಯತ್ಯಾಸ ತಿಳಿಯುವುದು ಒಂದೇ ಕಡೆ: ಭಾರ ಎಲ್ಲಿ ಬಿದ್ದಿದೆ ಎಂಬಲ್ಲಿ. ಹೆಬ್ಬಾರರ ನರ್ತಕಿಯ ಮೈಭಾರ ಯಾವ ಕಾಲಿನ ಮೇಲಿದೆ ಎಂದು ಬೆರಳಿಟ್ಟು ತೋರಿಸಬಹುದು. ನಕಲಿನಲ್ಲಿ ಆಕೆ ತೇಲುತ್ತಾಳೆ.

ವೇಷವೇ ಆಕಾರವಾದಾಗ

ಮೂರನೆಯ ದಾರಿ ಮೈಯನ್ನೇ ಬದಲಿಸುವುದು. 1917ರಲ್ಲಿ ಪ್ಯಾರಿಸ್ಸಿನಲ್ಲಿ ಆಡಿದ 'ಪರಾಡ್' ಬ್ಯಾಲೆಗೆ ಪಿಕಾಸೋ ಆಳೆತ್ತರವನ್ನೂ ಮೀರಿದ ರಟ್ಟಿನ ವೇಷಗಳನ್ನು ಮಾಡಿಕೊಟ್ಟ. ಅವನ್ನು ಹೊತ್ತವರು ಕುಣಿಯುವುದಿರಲಿ, ನಡೆಯುವುದೇ ಕಷ್ಟ. ಮನುಷ್ಯರ ಪಕ್ಕದಲ್ಲಿ ನಡೆದಾಡುವ ಕಟ್ಟಡಗಳಂತೆ ಅವು ಕಂಡವು. 1922ರ ಸೆಪ್ಟೆಂಬರ್ 30ರಂದು ಸ್ಟುಟ್‌ಗಾರ್ಟಿನಲ್ಲಿ ಆಸ್ಕರ್ ಶ್ಲೆಮರನ 'ಟ್ರಯಾಡಿಕ್ ಬ್ಯಾಲೆ' ಈ ಆಲೋಚನೆಯನ್ನು ಕೊನೆಯವರೆಗೂ ಒಯ್ದಿತು. ಬೌಹೌಸ್ ಶಾಲೆಯ ಅಧ್ಯಾಪಕನಾಗಿದ್ದ ಶ್ಲೆಮರ್ ಎಲ್ಲವನ್ನೂ ಮೂರರ ಲೆಕ್ಕದಲ್ಲಿ ಕಟ್ಟಿದ. ಹಳದಿ, ಗುಲಾಬಿ, ಕಪ್ಪು ಎಂದು ಮೂರು ಭಾಗ, ಮೂವರು ನರ್ತಕರು, ಹನ್ನೆರಡು ಕುಣಿತ, ಹದಿನೆಂಟು ವೇಷ. ಹಳದಿ ಭಾಗ ತಮಾಷೆಯದು, ಗುಲಾಬಿ ಗಂಭೀರ, ಕಪ್ಪು ನಿಗೂಢ. ಲಂಗ ಚಕ್ರವಾಯಿತು, ತಲೆ ಗೋಲವಾಯಿತು, ತೋಳು ಗದೆಯಾಯಿತು. ಬ್ಯಾಲೆ ನರ್ತಕಿಯ ಲಂಗ ಮೊದಲಿನಿಂದಲೂ ಒಂದು ಚಕ್ರವೇ ತಾನೆ? ಶ್ಲೆಮರ್ ಅದನ್ನು ಗಟ್ಟಿ ಮಾಡಿ ತೋರಿಸಿದ, ಅಷ್ಟೆ.

ಅವನ ವೇಷಗಳು ಚಲನೆಗೆ ನೆರವಾಗುವುದಕ್ಕಿಂತ ತಡೆಯಾಗುತ್ತಿದ್ದವು. ಕೈ ಮೇಲೆತ್ತಲಾಗದವನು ಹೇಗೆ ಕುಣಿಯಬೇಕು? ಆ ತಡೆಯಿಂದಲೇ ಹೊಸ ಹೆಜ್ಜೆಗಳು ಹುಟ್ಟಿದವು. ನಮ್ಮಲ್ಲಿ ಶಾಂತಿ ಬರ್ಧನ್ 1952ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಲಿಟಲ್ ಬ್ಯಾಲೆ ಟ್ರೂಪ್‌ನ 'ರಾಮಾಯಣ'ದಲ್ಲಿ ನಟರೆಲ್ಲ ಸೂತ್ರದ ಗೊಂಬೆಗಳಂತೆ ಚಲಿಸುತ್ತಿದ್ದುದೂ ಇದೇ ತರ್ಕದಿಂದ. ತಡೆಯೊಂದನ್ನು ಒಪ್ಪಿಕೊಂಡರೆ ಶೈಲಿಯೊಂದು ಸಿಗುತ್ತದೆ.

ಯಕ್ಷಗಾನ ಬಲ್ಲವರಿಗೆ ಇದು ಮನೆಯ ಮಾತು. ಬಡಗುತಿಟ್ಟಿನ ವೇಷಧಾರಿ ಹುಲ್ಲು, ಬಟ್ಟೆ, ಹಗ್ಗ ಸುತ್ತಿ ಕಟ್ಟುವ ಕೇದಗೆ ಮುಂಡಾಸು ಮುಖದ ಹಿಂದೆ ಒಂದು ದೊಡ್ಡ ಎಲೆಯಂತೆ ನಿಲ್ಲುತ್ತದೆ. ಕೆಂಪು ಹಳದಿ ಚೌಕುಳಿಯ ಕಸೆಸೀರೆ ಸೊಂಟದಿಂದ ಕೆಳಗೆ ಮೈಯನ್ನು ಅಗಲಗೊಳಿಸುತ್ತದೆ. ಬಣ್ಣದ ವೇಷದ ಮುಖದ ಮೇಲಿನ ಚಿಟ್ಟಿ ಮುಖದ ಗೆರೆಗಳನ್ನೇ ಅಳಿಸಿ ಬೇರೆ ಮುಖ ಬರೆಯುತ್ತದೆ. ಜೊತೆಗೆ ತೆರೆ. ಇಬ್ಬರು ಹಿಡಿದ ಒಂದು ಬಟ್ಟೆಯ ಹಿಂದೆ ರಾಕ್ಷಸ ಒಮ್ಮೆ ಕಿರೀಟದ ತುದಿಯಾಗಿ, ಒಮ್ಮೆ ಪಾದವಾಗಿ, ಒಮ್ಮೆ ಬೆನ್ನಾಗಿ ತುಂಡು ತುಂಡಾಗಿ ಕಾಣಿಸಿಕೊಳ್ಳುತ್ತಾನೆ. ದೆಗಾ ಚೌಕಟ್ಟಿನ ಅಂಚಿನಿಂದ ಮಾಡಿದ್ದನ್ನು ತೆರೆಕುಣಿತ ಒಂದು ತುಂಡು ಬಟ್ಟೆಯಿಂದ ಮಾಡುತ್ತದೆ.

ಮಾತು ತೆಗೆದಾಗ

ಈ ಸಾಮಗ್ರಿಯನ್ನು ಕೈಯಲ್ಲಿ ಹಿಡಿದು ಬ್ಯಾಲೆ ಎಂಬ ಹೆಸರಿನಲ್ಲೇ ಪ್ರಯೋಗ ಮಾಡಿದವರು ಕಾರಂತರು. ಅವರ 'ಯಕ್ಷಗಾನ ಬಯಲಾಟ' ಸಂಶೋಧನಾ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳೆಯ ವೇಷ, ಬಣ್ಣ, ಹೆಜ್ಜೆ, ರಾಗಗಳನ್ನು ಊರೂರು ಸುತ್ತಿ ಹುಡುಕಿದ ಆ ವಿದ್ವತ್ತು ಮುಂದೆ ರಂಗಕ್ಕೆ ಬಂತು. ಕಂಪನಿ ನಾಟಕ, ಸಿನಿಮಾಗಳ ಪ್ರಭಾವದಿಂದ ನುಗ್ಗಿದ ಉಡುಪನ್ನು ಅವರು ಒಪ್ಪಲಿಲ್ಲ. ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಮೂರು ಗಂಟೆಗೆ ಇಳಿಸಿದರು. ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು. 'ಭೀಷ್ಮ ವಿಜಯ', 'ನಳ ದಮಯಂತಿ', 'ಪಂಚವಟಿ' ಮುಂತಾದವನ್ನು ಈ ರೀತಿ ಕಟ್ಟಿದರು. ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು: ಪಾತ್ರಧಾರಿಯ ಆಶುಮಾತನ್ನು ತೆಗೆದುಹಾಕಿದರು. ಉಳಿದದ್ದು ಭಾಗವತರ ಪದ, ಕುಣಿತ, ವೇಷ.

ಈ ನಿರ್ಧಾರದ ಮೇಲೆ ನಡೆದ ಜಗಳ ಸಣ್ಣದಲ್ಲ. ವಿನ್ಯಾಸದ ದೃಷ್ಟಿಯಿಂದ ನೋಡಿದರೆ ಕಾರಂತರ ಲಾಭ ಸ್ಪಷ್ಟ. ಮಾತು ನಿಂತಾಗ ಕಣ್ಣು ಚುರುಕಾಗುತ್ತದೆ. ವೇಷದ ಹೊರಗೆರೆ, ಗುಂಪಿನ ಜೋಡಣೆ, ಒಂದು ಬಣ್ಣ ಇನ್ನೊಂದರ ಪಕ್ಕದಲ್ಲಿ ನಿಲ್ಲುವ ಬಗೆ, ಇವೆಲ್ಲ ಅರ್ಥ ಹೊರಬೇಕಾಗುತ್ತದೆ. ಸ್ವತಃ ಚಿತ್ರ ಬರೆಯುತ್ತಿದ್ದ ಕಾರಂತರಿಗೆ ಆ ಹೊಣೆ ಹೊರಿಸುವ ಧೈರ್ಯವಿತ್ತು. ಭಾಷೆ ಬಾರದ ಊರಿನಲ್ಲೂ, ದೇಶದ ಹೊರಗೂ ಯಕ್ಷಗಾನ ತನ್ನ ಆಕಾರದಿಂದಲೇ ಜನರನ್ನು ಹಿಡಿದಿಟ್ಟುಕೊಳ್ಳಬಲ್ಲದೆಂದು ಅವರು ತೋರಿಸಿಕೊಟ್ಟರು.

ನಷ್ಟವೂ ಅಷ್ಟೇ ಸ್ಪಷ್ಟ. ಪಂಚವಟಿಯ ಶೂರ್ಪನಖಿಯನ್ನು ತೆಗೆದುಕೊಳ್ಳಿ. ವೇಷ ಅವಳನ್ನು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ: ಅವಳು ರಾಕ್ಷಸಿ. ಆದರೆ ಒಬ್ಬ ಒಳ್ಳೆಯ ಅರ್ಥಧಾರಿ ಅದೇ ವೇಷದೊಳಗಿಂದ ಅವಳ ಪರವಾಗಿ ವಾದಿಸಬಲ್ಲ. ಮನಸ್ಸು ಕೇಳಿದ್ದನ್ನು ಬಾಯಿಬಿಟ್ಟು ಕೇಳಿದ್ದಕ್ಕೆ ಮೂಗು ಕೊಯ್ಯುವುದು ಯಾವ ಧರ್ಮ ಎಂದು ರಾಮನನ್ನೇ ನಿಲ್ಲಿಸಿ ಕೇಳಬಲ್ಲ. ವೇಷ ಹೇಳಿದ್ದನ್ನು ಮಾತು ಪ್ರಶ್ನಿಸುತ್ತದೆ. ಯಕ್ಷಗಾನದ ವೈಚಾರಿಕ ಜೀವ ಇರುವುದು ಆ ತಿಕ್ಕಾಟದಲ್ಲಿ. ಮಾತನ್ನು ತೆಗೆದರೆ ವೇಷದ ತೀರ್ಪೇ ಕೊನೆಯ ತೀರ್ಪಾಗುತ್ತದೆ. ಇದಕ್ಕೆ ತದ್ವಿರುದ್ಧ ತುದಿಯಲ್ಲಿ ತಾಳಮದ್ದಳೆ ಇದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಕಾರಂತರ ಬ್ಯಾಲೆ, ತಾಳಮದ್ದಳೆ ಎರಡೂ ಒಂದೇ ಕಲೆಯ ಎರಡು ಕೊನೆಗಳು. ನಡುವಿನ ಬಯಲಾಟ ಎರಡನ್ನೂ ಹೊತ್ತುಕೊಂಡು ಎಡವುತ್ತ ಏಳುತ್ತ ನಡೆಯುತ್ತದೆ.

ಹಾಗಾಗಿ ಬ್ಯಾಲೆ ಎಂಬುದನ್ನು ನಾನು ಒಂದು ಪ್ರಶ್ನೆಯಾಗಿ ತೆಗೆದುಕೊಳ್ಳುತ್ತೇನೆ: ಮಾತು ತೆಗೆದರೆ ಈ ಕಲೆಯಲ್ಲಿ ಏನು ಉಳಿಯುತ್ತದೆ? ಪ್ರತಿಯೊಂದು ಕುಣಿತಕ್ಕೂ ಇದನ್ನು ಕೇಳಿ, ಬಂದ ಉತ್ತರದ ಮೇಲೆ ಅದರ ದೃಶ್ಯವಿನ್ಯಾಸ ನಿಲ್ಲಬೇಕು.

ಪಾರಿಜಾತ, ಪುರವಂತ, ಕೊಡ, ಮಗ್ಗ

ನಮ್ಮ ಭಾಗದ ಕಲೆಗಳಿಗೆ ಈ ಪ್ರಶ್ನೆ ಹಾಕಿದರೆ ಉತ್ತರಗಳು ಒಂದೇ ಥರ ಬರುವುದಿಲ್ಲ.

ಮೊದಲು ಶ್ರೀಕೃಷ್ಣ ಪಾರಿಜಾತ. ಕುಲಗೋಡ ತಮ್ಮಣ್ಣ ರಂಗರೂಪ ಕೊಟ್ಟು, ಕೌಜಲಗಿ ನಿಂಗಮ್ಮನಂಥವರು ಊರೂರಿಗೆ ಒಯ್ದ ಈ ಆಟ ಬೆಳಗಾವಿ, ಬಾಗಲಕೋಟೆ ಸೀಮೆಯ ಜನರ ಬಾಯಲ್ಲಿದೆ. ಕಥೆ ಬಹಳ ಚಿಕ್ಕದು. ಹೂವು ರುಕ್ಮಿಣಿಗೆ ಹೋಯಿತು, ಸತ್ಯಭಾಮೆಗೆ ಸಿಟ್ಟು ಬಂತು. ಆಟದ ರುಚಿಯೆಲ್ಲ ಇರುವುದು ಭಾಗವತನ ಜೊತೆ, ದೂತಿಯ ಜೊತೆ, ಕೃಷ್ಣನ ಜೊತೆ ನಡೆಯುವ ಸವಾಲು ಜವಾಬಿನಲ್ಲಿ. ಆಂಧ್ರದ ಭಾಮಾಕಲಾಪದಲ್ಲಿ ಇದೇ ಸತ್ಯಭಾಮೆ ತೆರೆಯ ಈಚೆಗೆ ತನ್ನ ಉದ್ದ ಜಡೆ ಎಸೆದು ಬರುತ್ತಾಳೆ. ಅಲ್ಲಿ ಅವಳ ಗರ್ವಕ್ಕೆ ಒಂದು ವಸ್ತು ಇದೆ, ವಿನ್ಯಾಸಕಾರ ಹಿಡಿಯಬಹುದಾದ ಒಂದು ಆಕಾರ ಇದೆ. ನಮ್ಮ ಪಾರಿಜಾತದ ಭಾಮೆಯ ಗರ್ವ ಅವಳ ನಾಲಿಗೆಯ ಮೇಲಿದೆ. ಮಾತು ತೆಗೆದರೆ ಇಲ್ಲಿ ಉಳಿಯುವುದು ಬಹಳ ಕಡಿಮೆ. ಹಾಗಾದರೆ ಪಾರಿಜಾತಕ್ಕೆ ಒಂದು ಪೋಸ್ಟರ್ ಬೇಕಾದಾಗ ಭಂಗಿಯ ಹಿಂದೆ ಹೋಗುವುದು ತಪ್ಪು. ಅಲ್ಲಿ ಕುಣಿಯಬೇಕಾದದ್ದು ಕನ್ನಡ ಅಕ್ಷರ. ಎದುರುಬದುರು ನಿಂತ ಎರಡು ಅಕ್ಷರದ ಗುಂಪು, ಒಂದು ಇನ್ನೊಂದರ ಜಾಗಕ್ಕೆ ನುಗ್ಗುವ ರೀತಿ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಶುರುವಾಗುವ ಆತುರ. ಗುಂಡಗಿನ ನಮ್ಮ ಲಿಪಿಗೆ ಸೊಂಟವಿದೆ, ತಲೆಕಟ್ಟಿದೆ, ಕೆಳಗೆ ಇಳಿಬಿದ್ದ ಒತ್ತಕ್ಷರವಿದೆ. ಅದು ಕುಣಿಯಲು ಯಾರ ನೆರಳನ್ನೂ ಎರವಲು ತರಬೇಕಿಲ್ಲ.

ಎರಡನೆಯದು ಪುರವಂತರ ಕುಣಿತ. ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಕ್ಷೇತ್ರ. ಅಲ್ಲಿನ ಜಾತ್ರೆಗೆ ಹೋದವರಿಗೆ ಪುರವಂತರನ್ನು ಪರಿಚಯಿಸಬೇಕಾಗಿಲ್ಲ. ಕೆಂಪು ಕಾವಿಯ ಉಡುಪು, ಎದೆಯ ಮೇಲೆ ರುದ್ರಾಕ್ಷಿ, ಕೈಯಲ್ಲಿ ಕತ್ತಿ, ಕಾಲಲ್ಲಿ ಗೆಜ್ಜೆ. ಒಬ್ಬ ಪುರವಂತ ನಿಂತು ಒಡಪು ಹೇಳುತ್ತಾನೆ. ಸಂಬಾಳ, ಶಹನಾಯಿ ಮೌನವಾಗಿರುತ್ತವೆ. ಒಡಪು ಮುಗಿಯುತ್ತಿದ್ದಂತೆ ವಾದ್ಯ ಒಮ್ಮೆಗೇ ಸಿಡಿಯುತ್ತದೆ, ಮೈಯೂ ಸಿಡಿಯುತ್ತದೆ. ಇಲ್ಲಿ ಮಾತು, ಕುಣಿತ ಒಂದರೊಳಗೊಂದು ಬೆರೆಯುವುದಿಲ್ಲ. ಒಂದು ನಿಂತಲ್ಲಿಂದ ಇನ್ನೊಂದು ಹೊರಡುತ್ತದೆ. ಇದನ್ನು ಚಿತ್ರಕ್ಕೆ ತರುವವರು ಕತ್ತಿ ಎತ್ತಿದ ಭಂಗಿಯನ್ನು ಮಾತ್ರ ಬರೆದರೆ ಅರ್ಧ ಕಥೆ ಹೋಯಿತು. ಹಾಳೆಯ ಮುಕ್ಕಾಲು ಪಾಲು ನಿಶ್ಚಲವಾಗಿ ಬಿಟ್ಟು, ಉಳಿದ ಕಾಲು ಪಾಲಿನಲ್ಲಿ ಕೆಂಪು ಒಡೆದುಬಂದರೆ ಒಡಪಿಗೂ ಕುಣಿತಕ್ಕೂ ಇರುವ ನಂಟು ಕಾಣುತ್ತದೆ. ದೆಗಾನ ಖಾಲಿ ನೆಲ ಇಲ್ಲಿ ನೆರವಿಗೆ ಬರುತ್ತದೆ.

ಮೂರನೆಯದು ಸವದತ್ತಿ ಎಲ್ಲಮ್ಮನ ಜೋಗತಿಯರ ಕೊಡದ ಕುಣಿತ. ಬ್ಯಾಲೆಯೊಡನೆ ಹತ್ತಿರದ ಹೋಲಿಕೆ ಸಿಗುವುದು ಇಲ್ಲೇ. ಬ್ಯಾಲೆ ನರ್ತಕಿ ತಲೆಯಿಂದ ಕಾಲ್ಬೆರಳವರೆಗೆ ಕಣ್ಣಿಗೆ ಕಾಣದ ಒಂದು ನೆಟ್ಟನೆಯ ಗೆರೆಯನ್ನು ಕಾಪಾಡಿಕೊಳ್ಳುತ್ತಾಳೆ, ತಿರುಗುವಾಗಲೂ ಅದು ಅಲುಗಬಾರದು. ಜೋಗತಿ ಆ ಗೆರೆಯ ಮೇಲೆ ದೇವಿಯ ಕೊಡವನ್ನೇ ಇಟ್ಟುಕೊಂಡಿರುತ್ತಾಳೆ. ಚೌಡಿಕೆಯ ಬಡಿತಕ್ಕೆ ಸೊಂಟ, ಮಂಡಿ, ಪಾದ, ಭುಜ ಎಲ್ಲವೂ ಕುಣಿಯುತ್ತವೆ. ಕೊಡ ಇದ್ದಲ್ಲೇ ಇರುತ್ತದೆ. ಕೈ ಮುಟ್ಟುವಂತಿಲ್ಲ. ಆದರೆ ದಿಕ್ಕು ತಿರುವು ಮುರುವು. ಬ್ಯಾಲೆಯ ಗೆರೆ ಮೇಲಕ್ಕೆ ಎಳೆಯುತ್ತದೆ, ನೆಲದಿಂದ ಬಿಡುಗಡೆ ಬಯಸುತ್ತದೆ. ಕೊಡದ ಗೆರೆ ಕೆಳಕ್ಕೆ ಒತ್ತುತ್ತದೆ, ಹೊರೆ ಹೊತ್ತವಳನ್ನು ಮತ್ತೆ ಮತ್ತೆ ನೆಲಕ್ಕೆ ಕಟ್ಟುತ್ತದೆ. ಒಂದು ಹಗುರಾಗುವ ಕನಸಿನ ಕುಣಿತ, ಇನ್ನೊಂದು ಭಾರ ಹೊತ್ತೂ ಬೀಳದಿರುವ ಕುಣಿತ. ಫ್ಲೆಕ್ಸಿನ ಗಾಳಿಯ ಹುಡುಗಿಯ ಬದಲು ನಮ್ಮ ಊರು ತನ್ನ ಕುಣಿತಕ್ಕೊಂದು ಗುರುತು ಹುಡುಕುವುದಾದರೆ, ಅಲುಗದ ಒಂದು ಬಿಂದು ಮತ್ತು ಅದರ ಕೆಳಗೆ ನಿಲ್ಲದೆ ಅಲುಗುವ ಗೆರೆ, ಇಷ್ಟೇ ಸಾಕು.

ನಾಲ್ಕನೆಯದನ್ನು ಯಾರೂ ಕುಣಿತವೆಂದು ಕರೆಯುವುದಿಲ್ಲ. ರಾಮದುರ್ಗ, ಸುರೇಬಾನದ ಕಡೆ ಮಗ್ಗಗಳ ಸದ್ದು ಹಳೆಯದು. ನೆಲದಲ್ಲಿ ಕುಣಿ ತೋಡಿ ಹೂಡಿದ ಕೈಮಗ್ಗದಲ್ಲಿ ನೇಕಾರನ ಕಾಲುಗಳು ಆ ಕುಣಿಯೊಳಗೆ ಇಳಿಬಿದ್ದಿರುತ್ತವೆ. ನಮ್ಮ ಮಾತಿನಲ್ಲಿ ತಗ್ಗಿಗೂ ಕುಣಿ ಎನ್ನುತ್ತೇವೆ, ನರ್ತಿಸು ಎನ್ನುವುದಕ್ಕೂ ಕುಣಿ ಎನ್ನುತ್ತೇವೆ. ಕಾಲು ಹಲಗೆ ತುಳಿದಾಗ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಲಾಳಿ ಹಾಯುತ್ತದೆ, ಒಂದು ಹೊಕ್ಕು ಕೂಡುತ್ತದೆ. ಒಂದು ತುಳಿತಕ್ಕೆ ಒಂದು ಎಳೆ. ಆ ಲೆಕ್ಕದಲ್ಲಿ ಕೈಯಿಂದ ನೇಯ್ದ ಸೀರೆಯ ಉದ್ದಕ್ಕೂ ಇರುವುದು ಕಾಲಿನ ಹೆಜ್ಜೆಗಳ ದಾಖಲೆ. ಫೋಯೆ ಕಾಗದದ ಮೇಲೆ ಬರೆದದ್ದನ್ನು ನೇಕಾರ ನೂಲಿನಲ್ಲಿ ಬರೆಯುತ್ತಾನೆ. ಮಗ್ಗಕ್ಕೂ ಶ್ಲೆಮರನ ವೇಷದಂಥದ್ದೇ ಒಂದು ತಡೆ ಇದೆ: ಅದರಲ್ಲಿ ನಿಜವಾದ ವಕ್ರರೇಖೆ ಬರುವುದಿಲ್ಲ, ಬಾಗು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಇಳಕಲ್ ಸೀರೆಯ ಸೆರಗಿನ ಗೋಪುರದಂಥ ತೆನೆಗಳ ಚೆಲುವು ಆ ಮೆಟ್ಟಿಲಿನದೇ.

ಎರವಲಿನ ಋಣ

ಇಷ್ಟು ಹೇಳಿದ ಮೇಲೆ ಒಂದು ಕಷ್ಟದ ಮಾತು ಉಳಿಯುತ್ತದೆ. 1923ರಲ್ಲಿ ರಷ್ಯಾದ ಬ್ಯಾಲೆ ತಾರೆ ಅನ್ನಾ ಪಾವ್ಲೋವಾ ಲಂಡನ್ನಿನಲ್ಲಿ ಭಾರತದ ವಸ್ತುವಿನ ಎರಡು ನೃತ್ಯ ಮಾಡಿದಳು. ಅವನ್ನು ಸಂಯೋಜಿಸಿಕೊಟ್ಟ ಉದಯ ಶಂಕರ್ ಆಗ ಅಲ್ಲಿ ಚಿತ್ರಕಲೆಯ ವಿದ್ಯಾರ್ಥಿ, ಶಾಸ್ತ್ರೀಯ ನೃತ್ಯ ಕಲಿತವರಲ್ಲ. ಶಿಲ್ಪ, ಚಿತ್ರಗಳ ಭಂಗಿಗಳಿಂದ ಅವರ ಕುಣಿತ ಹೊರಟಿತ್ತು. ಎಲ್ಲರೂ ಕುಣಿತದಿಂದ ಚಿತ್ರಕ್ಕೆ ಹೋದರೆ ಅವರು ಚಿತ್ರದಿಂದ ಕುಣಿತಕ್ಕೆ ಬಂದರು. ಅದರಿಂದ ಭಾರತದಲ್ಲಿ ಹೊಸ ನೃತ್ಯಪರಂಪರೆಯೇ ಹುಟ್ಟಿತು ನಿಜ. ಆದರೆ ಕುಣಿಯುವವರು ಯಾರು, ಯಾಕೆ ಕುಣಿಯುತ್ತಾರೆ ಎಂಬ ಪ್ರಶ್ನೆಯನ್ನು ಬಿಟ್ಟು ಆಕಾರವನ್ನು ಮಾತ್ರ ಎತ್ತಿಕೊಂಡು ಹೋಗಬಹುದು ಎಂಬ ಅನುಕೂಲದ ನಂಬಿಕೆಗೂ ಅಂಥ ಪ್ರದರ್ಶನಗಳು ದಾರಿ ಮಾಡಿದವು.

ಆ ಅನುಕೂಲ ಈಗ ನಮ್ಮ ಕೈಗೂ ಬಂದಿದೆ. ಬೆಂಗಳೂರಿನ ಕೆಫೆಯ ಗೋಡೆಗೆ, ಚೀಲದ ಮೇಲಿನ ಮುದ್ರೆಗೆ, ಉತ್ಸವದ ಲೋಗೋಗೆ ಕೊಡ ಹೊತ್ತ ಜೋಗತಿ ಚೆಂದದ ಆಕಾರ. ಆದರೆ ಅವಳ ಕೊಡದ ಭಾರ ಹಿತ್ತಾಳೆಯದಷ್ಟೇ ಅಲ್ಲ. ಹೆಣ್ಣುಮಕ್ಕಳನ್ನು ದೇವಿಗೆ ಬಿಡುವ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ಕಾನೂನು ಮಾಡಬೇಕಾಯಿತು. ಮನೆಯಿಂದ ಹೊರಬಿದ್ದ ಎಷ್ಟೋ ಲಿಂಗಪರಿವರ್ತಿತರಿಗೆ ಇದೇ ಕೊಡ ಬದುಕಿನ ಆಸರೆಯೂ ಆಯಿತು. ಮಂಜಮ್ಮ ಜೋಗತಿಯವರು ಅದೇ ಹಾದಿಯಲ್ಲಿ ಬಂದು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ದೌರ್ಜನ್ಯ, ಆಸರೆ ಎರಡೂ ಒಂದೇ ಕೊಡದಲ್ಲಿವೆ. ಅದರ ಹೊರಗೆರೆಯನ್ನಷ್ಟೇ ಎತ್ತಿಕೊಂಡರೆ, ಟ್ಯಾಗ್ಲಿಯೋನಿಯ ಕಾಲಡಿಯ ನೆಲವನ್ನು ಅಳಿಸಿದ ಹಾಗೆ, ಜೋಗತಿಯ ತಲೆಯ ಮೇಲಿನ ಭಾರವನ್ನೂ ನಾವೇ ಅಳಿಸಿದಂತಾಗುತ್ತದೆ.

ಜಾನಪದದ ಆಕಾರಗಳನ್ನು ಮುಟ್ಟಲೇಬಾರದು ಎಂಬ ವಾದ ನನ್ನದಲ್ಲ. ಮುಟ್ಟದೆ ಬಿಟ್ಟರೆ ಜಾಗ ಖಾಲಿ ಇರುವುದಿಲ್ಲ, ಫ್ಲೆಕ್ಸಿನ ನೆರಳು ಬಂದು ಕೂಡುತ್ತದೆ. ಎರವಲು ತರಲಿ, ಆದರೆ ಹೆಬ್ಬಾರರು ಕೊಟ್ಟ ಬೆಲೆ ಕೊಟ್ಟು ತರಲಿ. ಎರಡು ವರ್ಷ ಗೆಜ್ಜೆ ಕಟ್ಟಲು ಎಲ್ಲರಿಗೂ ಆಗದಿರಬಹುದು. ಒಂದು ಜಾತ್ರೆಯ ರಾತ್ರಿ ಪೂರ್ತಿ ನಿಂತು ನೋಡಲು, ಕುಣಿದವರನ್ನು ಆಮೇಲೆ ಕೂಡಿಸಿ ಕೇಳಲು, ಅವರ ಹೆಸರನ್ನು ಚಿತ್ರದ ಕೆಳಗೆ ಬರೆಯಲು, ಬಂದ ಹಣದಲ್ಲಿ ಅವರ ಪಾಲು ಕೊಡಲು ಆಗುತ್ತದೆ.

ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪರೀಕ್ಷೆ ಹೇಳಬಹುದು. ಕುಣಿತದ ಚಿತ್ರ ಬರೆದು ಮುಗಿಸಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಭಾರ ಯಾವ ಕಾಲಿನ ಮೇಲಿದೆ? ಈ ಕ್ಷಣಕ್ಕೆ ಮೊದಲು ಏನಾಗಿತ್ತು? ಇದನ್ನು ಕುಣಿದವರು ಈ ಚಿತ್ರ ನೋಡಿದರೆ ತಮ್ಮ ಮೈಯನ್ನು ಗುರುತಿಸುತ್ತಾರೆಯೇ? ಮೊದಲೆರಡಕ್ಕೆ ಗೆರೆ ಉತ್ತರ ಕೊಡಬೇಕು. ಮೂರನೆಯದಕ್ಕೆ ಗೊಡಚಿಗೋ ಸವದತ್ತಿಗೋ ಬಸ್ಸು ಹತ್ತಬೇಕು.